ಸಲಾಡ್ ಸೇರದವರ ತರಕಾರಿ ಚರಿತ್ರೆ

ಕೆಲವು ವರ್ಷಗಳ ಹಿಂದೆ ನನ್ನ ರಕ್ತಪರೀಕ್ಷೆಯ ವರದಿಯನ್ನು ನೋಡಿದ ವೈದ್ಯರು, "ಅನ್ನ ಕಡಿಮೆ ಮಾಡಿ ಸಾರ್, ತರಕಾರಿ ಜಾಸ್ತಿ ಮಾಡಿ. ಊಟಕ್ಕೆ ಮೊದಲು ಒಂದು ತಟ್ಟೆ ಸಲಾಡ್ ತಿನ್ನಿ" ಎಂದರು. ನನಗೋ ಹಸಿ ಸೌತೆಕಾಯಿ, ಹಸಿ ಎಲೆಕೋಸು, ಹಸಿ ಮೂಲಂಗಿ ಯಾವುದೂ ಚಿಕ್ಕಂದಿನಿಂದ ಸೇರದು. ಹನ್ನೊಂದು ದಿನ ಹೇಗೋ ನುಂಗಿದೆ. ಹನ್ನೆರಡನೆಯ ದಿನ ತಟ್ಟೆ ಹಾಗೆಯೇ ಉಳಿಯಿತು. ಸಲಾಡ್ ಬಿಟ್ಟಾಗ ಮನಸ್ಸಿನಲ್ಲಿ ತರಕಾರಿಯನ್ನೇ ಬಿಟ್ಟಂತಾಯಿತು. "ಇದು ನನ್ನಿಂದಾಗದ ಕೆಲಸ" ಎಂದು ಕೈಚೆಲ್ಲಿ ಮತ್ತೆ ಅನ್ನ-ಸಾರಿಗೆ ಮರಳಿದೆ.

ಅದೇ ಸುಮಾರಿಗೆ ಗ್ರಾಮಾಂತರದ ಒಂದು ಪ್ರೌಢಶಾಲೆಗೆ ಉಪನ್ಯಾಸ ಕೊಡಲು ಹೋಗಿದ್ದೆ. ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಸಾಲಾಗಿ ಕುಳಿತ ಮಕ್ಕಳನ್ನು ನೋಡುತ್ತಿದ್ದೆ. ಹಲವರು ಸಾಂಬಾರಿನೊಳಗಿನ ಕ್ಯಾರೆಟ್, ಹುರುಳಿಕಾಯಿ, ಸೊಪ್ಪಿನ ದಂಟುಗಳನ್ನು ಒಂದೊಂದಾಗಿ ಹೆಕ್ಕಿ ತಟ್ಟೆಯ ಅಂಚಿಗೆ ಸರಿಸುತ್ತಿದ್ದರು. ಮುಖ್ಯೋಪಾಧ್ಯಾಯರು ಬೇಸರದಿಂದ, "ಬೈದರೂ ತಿನ್ನೋದಿಲ್ಲ ಸಾರ್, ದಿನಾ ಇದೇ ಕಥೆ" ಎಂದರು. ಆ ಮಕ್ಕಳಿಗೂ ನನಗೂ ಹೆಚ್ಚು ವ್ಯತ್ಯಾಸವಿಲ್ಲ ಎನಿಸಿತು.

ಇಷ್ಟವಿಲ್ಲದ ತರಕಾರಿಯನ್ನು ತಿನ್ನುವುದು ಹೇಗೆ? ಈ ಪ್ರಶ್ನೆಗೆ ವಿಜ್ಞಾನದ ಇತಿಹಾಸದಲ್ಲಿ ಉತ್ತರವಿದೆಯೇ ಎಂದು ಹುಡುಕತೊಡಗಿದೆ. ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಹಡಗಿನ ನಾವಿಕರು, ಕಹಿ ಪುಡಿಯೊಂದನ್ನು ಚೆಲ್ಲಿದ ರಸಾಯನವಿಜ್ಞಾನಿ, ಹೆಂಡತಿ ಬಡಿಸಿದ ತರಕಾರಿಯನ್ನು ತಿನ್ನಲು ಮನಸ್ಸಿಲ್ಲದೆ ಪ್ರಯೋಗಾಲಯಕ್ಕೆ ಒಯ್ದ ನೊಬೆಲ್ ವಿಜೇತ, ಇವರೆಲ್ಲ ಈ ಚರಿತ್ರೆಯಲ್ಲಿ ಬರುತ್ತಾರೆ.

ಹಸಿ ಮತ್ತು ಬೆಂದದ್ದು

‘ಸಲಾಡ್’ ಎಂಬ ಪದದ ಮೂಲ ಲ್ಯಾಟಿನ್ ಭಾಷೆಯ ‘ಸಾಲ್’, ಅಂದರೆ ಉಪ್ಪು. ಉಪ್ಪು ಹಚ್ಚಿದ ಹಸಿ ಸೊಪ್ಪು ಎಂಬುದೇ ಅದರ ಅರ್ಥ. ಇಂಗ್ಲೆಂಡಿನಲ್ಲಿ ಸಲಾಡಿನ ಪರವಾಗಿ ಒಂದು ಇಡೀ ಪುಸ್ತಕವನ್ನೇ ಬರೆದವರು ಜಾನ್ ಈವ್ಲಿನ್. ಅವರು ರಾಯಲ್ ಸೊಸೈಟಿಯ ಸ್ಥಾಪಕ ಸದಸ್ಯರಲ್ಲೊಬ್ಬರು, ತೋಟಗಾರಿಕೆಯ ಪಂಡಿತರು. 1699ರಲ್ಲಿ ಪ್ರಕಟವಾದ ಅವರ ‘ಅಸಿಟೇರಿಯ’ ಎಂಬ ಗ್ರಂಥದಲ್ಲಿ ಹಸಿಯಾಗಿ ತಿನ್ನಬಹುದಾದ ಹತ್ತಾರು ಸಸ್ಯಗಳ ವಿವರಗಳಿವೆ.

ಇದೇ ಈವ್ಲಿನ್ 1682ರ ಏಪ್ರಿಲ್ 12ರಂದು ಇನ್ನೊಂದು ಬಗೆಯ ಊಟವನ್ನು ಉಂಡು ತಮ್ಮ ದಿನಚರಿಯಲ್ಲಿ ದಾಖಲಿಸಿದ್ದಾರೆ. ಅಂದು ರಾಯಲ್ ಸೊಸೈಟಿಯ ಸದಸ್ಯರಿಗೆ ಡೆನಿ ಪಾಪೆನ್ ಎಂಬ ಫ್ರೆಂಚ್ ಭೌತವಿಜ್ಞಾನಿ ತನ್ನ ಯಂತ್ರದಲ್ಲಿ ಅಡುಗೆ ಮಾಡಿ ಬಡಿಸಿದ್ದ. ಪ್ಯಾರಿಸ್‌ನಲ್ಲಿ ಹೈಗೆನ್ಸ್ ಅವರಿಗೂ ಲಂಡನ್ನಿನಲ್ಲಿ ರಾಬರ್ಟ್ ಬಾಯ್ಲ್ ಅವರಿಗೂ ಸಹಾಯಕನಾಗಿದ್ದ ಪಾಪೆನ್ 1679ರಲ್ಲಿ ‘ಡೈಜೆಸ್ಟರ್’ ಎಂಬ ಬಿಗಿಮುಚ್ಚಳದ ಪಾತ್ರೆಯನ್ನು ರೂಪಿಸಿದ್ದ. ಹಬೆಯ ಒತ್ತಡ ಅತಿಯಾದಾಗ ತಾನೇ ತೆರೆದುಕೊಳ್ಳುವ ಸುರಕ್ಷಾ ಕವಾಟವನ್ನೂ ಅದಕ್ಕೆ ಜೋಡಿಸಿದ. ನಮ್ಮ ಮನೆಗಳ ಪ್ರೆಷರ್ ಕುಕ್ಕರಿನ ಪೂರ್ವಜ ಅದೇ. ಅಂದಿನ ಊಟದಲ್ಲಿ ಬೆಂದದ್ದು ಮೀನು, ಮಾಂಸ. ಗಟ್ಟಿ ಎಲುಬುಗಳೂ ಮೆತ್ತಗಾಗಿದ್ದವು. ಸಲಾಡಿನ ಪ್ರತಿಪಾದಕ ಆ ಬೆಂದ ಊಟವನ್ನೂ ಮನಸಾರೆ ಮೆಚ್ಚಿಕೊಂಡರು. ಹಸಿ ಮತ್ತು ಬೆಂದದ್ದು ಒಂದಕ್ಕೊಂದು ಶತ್ರು ಎಂದು ಅವರಿಗೆ ತೋರಲಿಲ್ಲ.

ಹಡಗಿನಲ್ಲಿ ಹುಳಿ ಎಲೆಕೋಸು

ಹದಿನೆಂಟನೆಯ ಶತಮಾನದಲ್ಲಿ ತರಕಾರಿ ತಿನ್ನುವುದು ಬಿಡುವುದು ರುಚಿಯ ಪ್ರಶ್ನೆಯಾಗಿ ಉಳಿಯಲಿಲ್ಲ, ಪ್ರಾಣದ ಪ್ರಶ್ನೆಯಾಯಿತು. ತಿಂಗಳುಗಟ್ಟಲೆ ಸಮುದ್ರದ ಮೇಲಿರುತ್ತಿದ್ದ ನಾವಿಕರಿಗೆ ಒಣ ಬಿಸ್ಕತ್ತು ಮತ್ತು ಉಪ್ಪುಹಾಕಿದ ಮಾಂಸವೇ ಆಹಾರ. ಕೆಲವು ತಿಂಗಳಾದ ಮೇಲೆ ವಸಡಿನಿಂದ ರಕ್ತ ಸುರಿಯುವುದು, ಹಲ್ಲು ಸಡಿಲವಾಗುವುದು, ಹಳೆಯ ಗಾಯಗಳು ಮತ್ತೆ ಬಾಯಿಬಿಡುವುದು ಆರಂಭವಾಗುತ್ತಿತ್ತು. ಇದೇ ಸ್ಕರ್ವಿ. 1740ರಿಂದ 1744ರವರೆಗೆ ಕಮೊಡೋರ್ ಆನ್ಸನ್ ನೇತೃತ್ವದಲ್ಲಿ ಲೋಕ ಸುತ್ತಿದ ಬ್ರಿಟಿಷ್ ನೌಕಾತಂಡದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಶತ್ರುಗಳ ಗುಂಡಿಗೆ ಬಲಿಯಾದವರು ಬೆರಳೆಣಿಕೆಯಷ್ಟು. ಹೆಚ್ಚಿನವರನ್ನು ಕೊಂದದ್ದು ರೋಗಗಳು, ಅವುಗಳಲ್ಲೂ ಮುಖ್ಯವಾಗಿ ಸ್ಕರ್ವಿ.

1747ರ ಮೇ ತಿಂಗಳಲ್ಲಿ ‘ಸಾಲಿಸ್‌ಬರಿ’ ಎಂಬ ಹಡಗಿನ ವೈದ್ಯ ಜೇಮ್ಸ್ ಲಿಂಡ್ ಹನ್ನೆರಡು ರೋಗಿಗಳನ್ನು ಆರಿಸಿಕೊಂಡು ಇಬ್ಬಿಬ್ಬರ ಆರು ಜೋಡಿ ಮಾಡಿದ. ಎಲ್ಲರಿಗೂ ಒಂದೇ ಬಗೆಯ ಊಟ, ಒಂದೇ ಬಗೆಯ ವಸತಿ. ಚಿಕಿತ್ಸೆ ಮಾತ್ರ ಬೇರೆ ಬೇರೆ. ಒಂದು ಜೋಡಿಗೆ ಸೇಬಿನ ಮದ್ಯ, ಇನ್ನೊಂದಕ್ಕೆ ನೀರು ಬೆರೆಸಿದ ಗಂಧಕಾಮ್ಲ, ಮಗದೊಂದಕ್ಕೆ ವಿನೆಗರ್, ಮತ್ತೊಂದಕ್ಕೆ ಸಮುದ್ರದ ನೀರು, ಐದನೆಯ ಜೋಡಿಗೆ ದಿನಕ್ಕೆ ಎರಡು ಕಿತ್ತಳೆ ಒಂದು ನಿಂಬೆ, ಆರನೆಯದಕ್ಕೆ ಬೆಳ್ಳುಳ್ಳಿ-ಸಾಸಿವೆಗಳ ಲೇಹ್ಯ. ಆರು ದಿನಗಳಲ್ಲಿ ಹಣ್ಣು ಮುಗಿದುಹೋಯಿತು. ಅಷ್ಟರಲ್ಲಾಗಲೇ ಹಣ್ಣು ತಿಂದವರಲ್ಲೊಬ್ಬ ಕೆಲಸಕ್ಕೆ ಮರಳುವಷ್ಟು ಚೇತರಿಸಿಕೊಂಡಿದ್ದ. ಹೋಲಿಕೆಯ ಗುಂಪುಗಳನ್ನಿಟ್ಟು ಮಾಡಿದ ವೈದ್ಯಕೀಯ ಪರೀಕ್ಷೆಗಳಲ್ಲಿ ಇದು ಬಹಳ ಹಳೆಯದು. ನಮ್ಮ ವಿದ್ಯಾರ್ಥಿಗಳಿಗೆ ‘ನಿಯಂತ್ರಿತ ಪ್ರಯೋಗ’ ಎಂದರೇನು ಎಂದು ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಮದ್ದು ಯಾವುದು ಎಂಬುದರ ಸುಳಿವು ಸಿಕ್ಕಿತು. ಅದನ್ನು ಒಲ್ಲದವರಿಗೆ ತಿನ್ನಿಸುವುದು ಹೇಗೆ ಎಂಬ ಪ್ರಶ್ನೆ ಉಳಿಯಿತು. ಇದಕ್ಕೆ ಉತ್ತರ ಕಂಡುಕೊಂಡವನು ಕ್ಯಾಪ್ಟನ್ ಜೇಮ್ಸ್ ಕುಕ್. 1768ರ ಆಗಸ್ಟಿನಲ್ಲಿ ಅವನ ‘ಎಂಡೆವರ್’ ಹಡಗು ಇಂಗ್ಲೆಂಡನ್ನು ಬಿಟ್ಟಿತು. ತಾಹಿತಿ ದ್ವೀಪದಲ್ಲಿ 1769ರ ಶುಕ್ರಸಂಕ್ರಮವನ್ನು ವೀಕ್ಷಿಸುವುದು ಆ ಯಾನದ ಒಂದು ಮುಖ್ಯ ಉದ್ದೇಶ. ಹಡಗಿನಲ್ಲಿ 7,860 ಪೌಂಡ್, ಅಂದರೆ ಸುಮಾರು ಮೂರೂವರೆ ಟನ್ನಿನಷ್ಟು ‘ಸೌರ್‌ಕ್ರೌಟ್’ ತುಂಬಲಾಗಿತ್ತು. ಹೆಚ್ಚಿದ ಎಲೆಕೋಸಿಗೆ ಉಪ್ಪು ಬೆರೆಸಿ ಪೀಪಾಯಿಯಲ್ಲಿ ಒತ್ತಿಟ್ಟು ಹುಳಿ ಬರಿಸಿದ ಜರ್ಮನ್ ಮಾದರಿಯ ಪದಾರ್ಥ ಅದು. ಇಂಗ್ಲಿಷ್ ನಾವಿಕರಿಗೆ ಅದರ ವಾಸನೆಯೇ ಆಗದು.

ಬಲವಂತ ಮಾಡಲು ಕುಕ್‌ನಿಗೆ ಅಧಿಕಾರವಿತ್ತು. ಅದೇ ಯಾನದ ಆರಂಭದಲ್ಲಿ, ಮದೀರಾ ದ್ವೀಪದ ಬಳಿ, ತಮ್ಮ ಪಾಲಿನ ತಾಜಾ ಮಾಂಸವನ್ನು ನಿರಾಕರಿಸಿದ ಇಬ್ಬರಿಗೆ ತಲಾ ಹನ್ನೆರಡು ಛಡಿ ಏಟು ಕೊಡಿಸಿದ್ದ. ಹುಳಿ ಎಲೆಕೋಸಿನ ವಿಷಯದಲ್ಲಿ ಅವನು ಬೇರೆ ದಾರಿ ಹಿಡಿದ. ದಿನಾ ಅದನ್ನು ಅಧಿಕಾರಿಗಳ ಮೇಜಿನ ಮೇಲೆ ಬಡಿಸುವಂತೆ ಏರ್ಪಾಡು ಮಾಡಿದ. ಅಧಿಕಾರಿಗಳೆಲ್ಲ ತಿನ್ನಲಿ, ನಾವಿಕರು ಬೇಕಾದರೆ ತಿನ್ನಲಿ, ಬೇಡವಾದರೆ ಬಿಡಲಿ ಎಂದ. ಒಂದು ವಾರ ಕಳೆಯುವಷ್ಟರಲ್ಲಿ ಎಲ್ಲರೂ ಕೇಳತೊಡಗಿ, ತಲೆಗಿಷ್ಟು ಎಂದು ಅಳತೆ ಕಟ್ಟಬೇಕಾಯಿತು! ನಾವಿಕರು ರೂಢಿಯಲ್ಲಿಲ್ಲದ ಯಾವುದನ್ನು ಕೊಟ್ಟರೂ ಗೊಣಗುತ್ತಾರೆ, ತಮ್ಮ ಮೇಲಿನವರು ಅದಕ್ಕೆ ಬೆಲೆ ಕೊಡುವುದನ್ನು ಕಂಡರೆ ಮಾತ್ರ ಅದೇ ಲೋಕದಲ್ಲೆಲ್ಲ ಶ್ರೇಷ್ಠವಾಗುತ್ತದೆ ಎಂಬರ್ಥದ ಮಾತನ್ನು ಅವನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ.

ಹುಳಿ ಎಲೆಕೋಸೊಂದೇ ಅವರನ್ನು ಉಳಿಸಿತು ಎನ್ನಲಾಗದು. ದಡ ಸಿಕ್ಕಲ್ಲೆಲ್ಲ ಕುಕ್ ಕಾಡುಸೊಪ್ಪುಗಳನ್ನು ಕೀಳಿಸಿ ತರಿಸುತ್ತಿದ್ದ. ಆ ಸೊಪ್ಪನ್ನು ಗೋಧಿಯೊಡನೆ ಗಂಜಿಯಂತೆ ಬೇಯಿಸಿ ಬೆಳಗಿನ ಉಪಾಹಾರಕ್ಕೆ ಕೊಡುತ್ತಿದ್ದರು. ಹಸಿ ಸಲಾಡು ತಿಂದವರಿಗಿಂತ ಸೊಪ್ಪಿನ ಗಂಜಿ ಕುಡಿದವರೇ ಆ ಹಡಗಿನಲ್ಲಿ ಹೆಚ್ಚು. ಮರಳುವ ದಾರಿಯಲ್ಲಿ ಬಟೇವಿಯಾದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ, ಹತ್ತಿದ ಮಲೇರಿಯ ಮತ್ತು ರಕ್ತಭೇದಿಗೆ ಹಲವರು ಬಲಿಯಾದರು. ಸ್ಕರ್ವಿಯಿಂದ ಸತ್ತರೆಂದು ದಾಖಲಾದವರು ಒಬ್ಬರೂ ಇಲ್ಲ. 1776ರಲ್ಲಿ ರಾಯಲ್ ಸೊಸೈಟಿ ಕುಕ್‌ನಿಗೆ ಕೋಪ್ಲಿ ಪದಕ ಕೊಟ್ಟಿತು. ಅದು ಹೊಸ ನಾಡುಗಳನ್ನು ಕಂಡುಹಿಡಿದದ್ದಕ್ಕಲ್ಲ, ನಾವಿಕರ ಆರೋಗ್ಯ ಕಾಪಾಡಿದ ಬಗೆಯನ್ನು ಕುರಿತ ಪ್ರಬಂಧಕ್ಕೆ.

ತಿನ್ನದೆ ಬಿಟ್ಟ ಮೆಣಸಿನಕಾಯಿ

ಬೇಯಿಸುವುದರಲ್ಲಿ ಅಪಾಯವೂ ಇದೆ ಎಂಬುದಕ್ಕೆ ಲಿಂಡ್‌ನೇ ಸಾಕ್ಷಿ. ಹಣ್ಣು ಹಡಗಿನಲ್ಲಿ ಕೆಡುತ್ತದೆಂದು ಅವನು ಕಿತ್ತಳೆ-ನಿಂಬೆ ರಸವನ್ನು ಹಲವು ಗಂಟೆಗಳ ಕಾಲ ಕಾಯಿಸಿ ಪಾಕದಂತೆ ಗಟ್ಟಿ ಮಾಡಲು ಸಲಹೆ ಮಾಡಿದ. ಆ ಪಾಕದಲ್ಲಿ ಹುಳಿ ಉಳಿಯಿತು, ಗುಣ ಬಹುಮಟ್ಟಿಗೆ ಹೋಯಿತು. ಹುಳಿಯೇ ಮದ್ದು ಎಂಬ ತಪ್ಪು ಕಲ್ಪನೆ ಇದಕ್ಕೆ ಕಾರಣ. 1795ರಿಂದ ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಕೊಡತೊಡಗಿದಾಗ ಸ್ಕರ್ವಿ ತಗ್ಗಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅದರ ಬದಲು ಗುಣದಲ್ಲಿ ಬಹಳ ಕಡಿಮೆಯಾದ ವೆಸ್ಟ್ ಇಂಡೀಸಿನ ಲೈಮ್ ಜಾತಿಯ ನಿಂಬೆಯ ರಸ ಬಂತು. 1875ರಲ್ಲಿ ಹೊರಟ ಬ್ರಿಟಿಷ್ ಆರ್ಕ್ಟಿಕ್ ಯಾನದಲ್ಲಿ ಸ್ಕರ್ವಿ ಮತ್ತೆ ತಲೆಯೆತ್ತಿತು. ಮದ್ದಿನ ಹೆಸರು ಗೊತ್ತಿದ್ದರೂ ಅದರಲ್ಲಿ ಕೆಲಸ ಮಾಡುವ ವಸ್ತು ಯಾವುದೆಂದು ಗೊತ್ತಿಲ್ಲದಿದ್ದರೆ ಹೀಗಾಗುತ್ತದೆ.

ಆ ವಸ್ತುವಿನ ಹುಡುಕಾಟಕ್ಕೆ ದಾರಿ ತೆರೆದದ್ದು ನಾರ್ವೆ. 1907ರಲ್ಲಿ ಹೋಲ್ಸ್ಟ್ ಮತ್ತು ಫ್ರೊಲಿಕ್ ಎಂಬವರು ಗಿನಿಯಿಲಿಗಳಿಗೆ ಬರೀ ಧಾನ್ಯ ತಿನ್ನಿಸಿ ಸ್ಕರ್ವಿ ಬರಿಸಿದರು, ತಾಜಾ ಎಲೆಕೋಸು, ನಿಂಬೆಗಳನ್ನು ಕೊಟ್ಟು ಗುಣಪಡಿಸಿದರು. 1928ರಲ್ಲಿ ಹಂಗೆರಿಯ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಕೇಂಬ್ರಿಜ್‌ನಲ್ಲಿದ್ದಾಗ ಅಡ್ರಿನಲ್ ಗ್ರಂಥಿಗಳಿಂದ ಸಕ್ಕರೆಯನ್ನು ಹೋಲುವ ಆಮ್ಲವೊಂದನ್ನು ಪ್ರತ್ಯೇಕಿಸಿದರು. ಅದೇನೆಂದು ತಮಗೆ ಗೊತ್ತಿಲ್ಲವಾದ್ದರಿಂದ ‘ಅರಿಯೆ’ ಎಂಬರ್ಥ ಬರುವ ‘ಇಗ್ನೋಸ್’ ಎಂಬ ಹೆಸರಿಟ್ಟರು. ಪತ್ರಿಕೆಯ ಸಂಪಾದಕರು ಒಪ್ಪದಿದ್ದಾಗ ‘ದೇವರೇ ಬಲ್ಲ’ ಎಂದು ಕೇಳಿಸುವ ‘ಗಾಡ್‌ನೋಸ್’ ಆಗಬಹುದೇ ಎಂದು ಕೇಳಿದರಂತೆ! ಕೊನೆಗೆ ‘ಹೆಕ್ಸುರಾನಿಕ್ ಆಮ್ಲ’ ಎಂಬ ಸಭ್ಯ ಹೆಸರು ಅಚ್ಚಾಯಿತು. ಅದೇ ಸ್ಕರ್ವಿಯನ್ನು ತಡೆಯುವ ವಿಟಮಿನ್ ‘ಸಿ’ ಎಂಬುದು 1932ರಲ್ಲಿ ಸ್ಪಷ್ಟವಾಯಿತು. ಆದರೆ ರಚನೆಯನ್ನು ಅರಿಯಲು ಬೇಕಾದಷ್ಟು ಶುದ್ಧ ವಸ್ತು ಎಲ್ಲಿಂದಲೂ ಸಿಗುತ್ತಿರಲಿಲ್ಲ.

ಆಗ ಸೆಂಟ್-ಗ್ಯೋರ್ಗಿ ಹಂಗೆರಿಯ ಸೆಗೆಡ್ ನಗರದಲ್ಲಿದ್ದರು. ಅಲ್ಲಿ ಪಪ್ರಿಕ ಎಂಬ ಕೆಂಪು ಮೆಣಸಿನಕಾಯಿ ಬೆಳೆ ಹೇರಳ. ಒಂದು ರಾತ್ರಿ ಊಟಕ್ಕೆ ಹೆಂಡತಿ ಹಸಿ ಪಪ್ರಿಕವನ್ನು ಬಡಿಸಿದರು. ಅವರಿಗೆ ತಿನ್ನಲು ಮನಸ್ಸಿರಲಿಲ್ಲ. ಬೇಡವೆನ್ನಲು ಧೈರ್ಯವೂ ಇರಲಿಲ್ಲ. ಈ ಒಂದು ತರಕಾರಿಯನ್ನು ತಾವು ಇನ್ನೂ ಪರೀಕ್ಷಿಸಿಯೇ ಇಲ್ಲ ಎಂಬುದು ಆಗ ನೆನಪಾಯಿತು. ಅದನ್ನು ಪ್ರಯೋಗಾಲಯಕ್ಕೆ ಒಯ್ದರು. ಮಧ್ಯರಾತ್ರಿಯ ಹೊತ್ತಿಗೆ ಅದು ವಿಟಮಿನ್ ‘ಸಿ’ಯ ಖಜಾನೆ ಎಂದು ತಿಳಿದುಹೋಗಿತ್ತು. ಕೆಲವೇ ವಾರಗಳಲ್ಲಿ ಒಂದು ಕಿಲೋಗ್ರಾಮಿಗೂ ಹೆಚ್ಚು ಶುದ್ಧ ವಿಟಮಿನ್ ತಯಾರಾಯಿತು. ‘ಸ್ಕರ್ವಿ ಇಲ್ಲದಂತೆ ಮಾಡುವುದು’ ಎಂಬ ಅರ್ಥದಲ್ಲಿ ಅದಕ್ಕೆ ಆಸ್ಕಾರ್ಬಿಕ್ ಆಮ್ಲ ಎಂದು ಹೆಸರಾಯಿತು. ಪಪ್ರಿಕ, ನಮ್ಮ ದೊಣ್ಣೆ ಮೆಣಸಿನಕಾಯಿ, ಒಗ್ಗರಣೆಯ ಮೆಣಸಿನಕಾಯಿ ಎಲ್ಲ ಬಹುಮಟ್ಟಿಗೆ ಒಂದೇ ಪ್ರಭೇದದವು. ಅಮೆರಿಕ ಮೂಲದ ಈ ಗಿಡ ಪೋರ್ಚುಗೀಸರೊಡನೆ ಹದಿನಾರನೆಯ ಶತಮಾನದಲ್ಲಿ ನಮ್ಮಲ್ಲಿಗೆ ಬಂದಿತು.

1937ರ ತರಕಾರಿ ಬಹುಮಾನ

1937ನೆಯ ಇಸವಿಯನ್ನು ತರಕಾರಿಗಳ ವರ್ಷ ಎಂದೇ ಕರೆಯಬಹುದು. ಆ ವರ್ಷದ ವೈದ್ಯಶಾಸ್ತ್ರದ ನೊಬೆಲ್ ಸೆಂಟ್-ಗ್ಯೋರ್ಗಿ ಅವರಿಗೆ ಸಂದಿತು. ರಸಾಯನಶಾಸ್ತ್ರದ ನೊಬೆಲ್ ಇಬ್ಬರಿಗೆ ಹಂಚಿಕೆಯಾಯಿತು. ವಿಟಮಿನ್ ‘ಸಿ’ಯ ರಚನೆಯನ್ನು ನಿರ್ಧರಿಸಿದ ವಾಲ್ಟರ್ ಹಾವರ್ತ್ ಒಬ್ಬರು. ಕ್ಯಾರೆಟ್ಟಿನ ಬಣ್ಣವಾದ ಕ್ಯಾರೊಟಿನ್ ಮತ್ತು ವಿಟಮಿನ್ ‘ಎ’ಗಳ ರಚನೆಯನ್ನು ಬಿಡಿಸಿದ ಪಾಲ್ ಕಾರರ್ ಇನ್ನೊಬ್ಬರು. ನಮ್ಮ ದೇಶದಲ್ಲಿ, ನೀಲಗಿರಿಯ ಕೂನೂರಿನ ಪೋಷಣಾ ಸಂಶೋಧನಾಲಯದಿಂದ ಆಕ್ರಾಯ್ಡ್ ಅವರು ಭಾರತೀಯ ಆಹಾರಗಳ ಪೋಷಕಾಂಶಗಳ ಕೋಷ್ಟಕಗಳನ್ನು ಮೊದಲ ಬಾರಿಗೆ ಪ್ರಕಟಿಸಿದ್ದೂ ಅದೇ 1937ರಲ್ಲಿ. ಆ ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ವರ್ಗವಾಗಿ, ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು.

ಕ್ಯಾರೆಟ್ಟಿನ ಕಥೆಯಲ್ಲಿ ಸಲಾಡ್ ಸೇರದವರಿಗೆ ಒಂದು ಸಮಾಧಾನವಿದೆ. ವಿಟಮಿನ್ ‘ಸಿ’ ನೀರಿನಲ್ಲಿ ಕರಗುತ್ತದೆ, ಶಾಖಕ್ಕೆ ನಾಶವಾಗುತ್ತದೆ. ಕ್ಯಾರೊಟಿನ್ ಹಾಗಲ್ಲ. ಅದು ಕರಗುವುದು ಕೊಬ್ಬಿನಲ್ಲಿ, ಸಾಮಾನ್ಯ ಅಡುಗೆಯ ಶಾಖವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಹಸಿ ಕ್ಯಾರೆಟ್ಟಿನಲ್ಲಿ ಅದು ಗಟ್ಟಿಯಾದ ಕೋಶಭಿತ್ತಿಗಳೊಳಗೆ ಹರಳುಗಳಾಗಿ ಬಂಧಿಯಾಗಿರುತ್ತದೆ. ನಾವು ಎಷ್ಟು ಅಗಿದರೂ ಎಲ್ಲ ಕೋಶಗಳೂ ಒಡೆಯುವುದಿಲ್ಲ. ಬೇಯಿಸಿದಾಗ ಕೋಶಗಳು ಸಡಿಲವಾಗುತ್ತವೆ, ಒಗ್ಗರಣೆಯ ಎಣ್ಣೆ ಕ್ಯಾರೊಟಿನನ್ನು ಕರಗಿಸಿಕೊಂಡು ಕರುಳಿಗೆ ಒಯ್ಯುತ್ತದೆ. ಅಮೆರಿಕದ ಅಯೋವಾದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎಣ್ಣೆಯಂಶವೇ ಇಲ್ಲದೆ ಸಲಾಡ್ ತಿಂದವರ ರಕ್ತಕ್ಕೆ ಕ್ಯಾರೊಟಿನ್ ಸೇರಿದ್ದು ನಗಣ್ಯ. ಎಣ್ಣೆ ಬೆರೆಸಿದಾಗಲೇ ಅದು ಏರಿತು. ಟೊಮೆಟೊದ ಕೆಂಪುಬಣ್ಣವಾದ ಲೈಕೊಪಿನ್ ಕೂಡ ಹಸಿಹಣ್ಣಿಗಿಂತ ಬೇಯಿಸಿದ ಗೊಜ್ಜಿನಿಂದಲೇ ಹೆಚ್ಚು ದಕ್ಕುತ್ತದೆ ಎಂದು 1997ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ನಮ್ಮ ಕ್ಯಾರೆಟ್ ಪಲ್ಯ ಮತ್ತು ಟೊಮೆಟೊ ಗೊಜ್ಜು ನಾಚಿಕೆಪಡಬೇಕಾದ ಅಡುಗೆಗಳಲ್ಲ.

ನಾಲಿಗೆಯ ತಪ್ಪೇ?

ತರಕಾರಿ ತಿನ್ನದ ಮಗುವನ್ನು ನಾವು ಹಟಮಾರಿ ಎನ್ನುತ್ತೇವೆ. 1931ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನವಿಜ್ಞಾನಿ ಪುಡಿಯೊಂದನ್ನು ಸೀಸೆಗೆ ತುಂಬುತ್ತಿದ್ದರು. ಪುಡಿ ಗಾಳಿಯಲ್ಲಿ ಹಾರಿತು. ಪಕ್ಕದಲ್ಲಿದ್ದ ಸಹೋದ್ಯೋಗಿ, "ಎಂಥ ಕಹಿ!" ಎಂದು ದೂರಿದರು. ಹೆಚ್ಚು ಪುಡಿ ಬಿದ್ದದ್ದು ಫಾಕ್ಸ್ ಅವರ ಬಾಯಿಗೇ. ಅವರಿಗೆ ಯಾವ ರುಚಿಯೂ ತಿಳಿಯಲಿಲ್ಲ. ಇಬ್ಬರೂ ಮತ್ತೆ ಮತ್ತೆ ರುಚಿ ನೋಡಿದರು, ಬೇರೆಯವರಿಗೂ ಕೊಟ್ಟು ನೋಡಿದರು. ಕೆಲವರಿಗೆ ಆ ಪುಡಿ ಅಸಹ್ಯ ಕಹಿ, ಕೆಲವರಿಗೆ ಸಪ್ಪೆ! ಫಿನೈಲ್‌ಥಯೋಕಾರ್ಬಮೈಡ್ ಎಂಬ ಆ ವಸ್ತುವಿನ ಕಹಿಯನ್ನು ಅರಿಯುವ ಶಕ್ತಿ ವಂಶಪಾರಂಪರ್ಯವಾಗಿ ಬರುತ್ತದೆ ಎಂದು ಬೇಗನೆ ತಿಳಿಯಿತು. 2003ರಲ್ಲಿ ಅದಕ್ಕೆ ಕಾರಣವಾದ ಜೀನನ್ನೂ ಗುರುತಿಸಲಾಯಿತು.

ಎಲೆಕೋಸು, ಹೂಕೋಸು, ಮೂಲಂಗಿ, ನವಿಲುಕೋಸು ಇವುಗಳ ಕುಟುಂಬದಲ್ಲಿ ರಚನೆಯಲ್ಲಿ ಆ ಪುಡಿಗೆ ಹತ್ತಿರವಾದ ಗಂಧಕಯುಕ್ತ ವಸ್ತುಗಳಿವೆ. ಹಸಿ ಎಲೆಕೋಸು ಒಬ್ಬರಿಗೆ ಸಿಹಿಯೆನಿಸಿ ಇನ್ನೊಬ್ಬರಿಗೆ ಕಹಿಯೆನಿಸಲು ಇದೂ ಒಂದು ಕಾರಣ. ಆದ್ದರಿಂದ ಎಲ್ಲರ ತಟ್ಟೆಯಲ್ಲೂ ಒಂದೇ ತರಕಾರಿ ಇದ್ದರೂ ಎಲ್ಲರ ಬಾಯಲ್ಲೂ ಒಂದೇ ರುಚಿ ಇರುವುದಿಲ್ಲ. ಹಾಗೆಂದು ಅದು ವಿಧಿಯಲ್ಲ. ಉಪ್ಪು ಕಹಿಯನ್ನು ಅಡಗಿಸುತ್ತದೆ ಎಂದು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಯೋಗಾಧಾರಿತ ವರದಿ ಬಂತು. ಹಾಗಲಕಾಯಿಯ ಹೋಳಿಗೆ ಉಪ್ಪು ಸವರಿಟ್ಟು, ಹಿಂಡಿ, ಹುಣಸೆಹಣ್ಣು-ಬೆಲ್ಲದ ಗೊಜ್ಜು ಮಾಡುವ ನಮ್ಮ ತಾಯಂದಿರಿಗೆ ಇದು ಹಳೆಯ ಸುದ್ದಿ.

ಪಾತ್ರೆಯೊಳಗಿನ ಭೌತಶಾಸ್ತ್ರ

ಹಸಿ ತರಕಾರಿ ‘ಕರುಂ’ ಎನ್ನುವುದೇಕೆ? ಪ್ರತಿ ಜೀವಕೋಶದ ಒಳಗೂ ರಸದಾನಿ ಎಂಬ ನೀರಿನ ಚೀಲವಿದೆ. ಅಭಿಸರಣೆಯಿಂದ ನೀರು ಒಳನುಗ್ಗಿ ಕೋಶಭಿತ್ತಿಯನ್ನು ಹೊರಕ್ಕೆ ಒತ್ತುತ್ತಿರುತ್ತದೆ. ಈ ಒತ್ತಡ ಹಲವು ವಾತಾವರಣಗಳಷ್ಟು, ಅಂದರೆ ಕಾರಿನ ಚಕ್ರದ ಗಾಳಿಯ ಒತ್ತಡಕ್ಕಿಂತ ಹೆಚ್ಚಿರಬಲ್ಲದು. ಸಸ್ಯವಿಜ್ಞಾನಿ ಫೆಫರ್ 1877ರಲ್ಲಿ ಅಭಿಸರಣ ಒತ್ತಡವನ್ನು ಅಳೆದು ಪ್ರಕಟಿಸಿದ ಅಂಕಿಗಳನ್ನೇ ಬಳಸಿ ವಾಂಟ್ ಹಾಫ್ ದ್ರಾವಣಗಳ ಸಿದ್ಧಾಂತವನ್ನು ಕಟ್ಟಿದರು. 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಅವರಿಗೆ ಸಂದಿತು. ಸೌತೆಕಾಯಿಯ ಹೋಳಿಗೆ ಉಪ್ಪು ಹಾಕಿಟ್ಟರೆ ಹತ್ತು ನಿಮಿಷದಲ್ಲಿ ನೀರು ಬಿಟ್ಟು ಬಾಡುವುದೂ ಅದೇ ನಿಯಮದಿಂದ.

ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕೋಶದ ಪೊರೆಗಳು ಹಾಳಾಗಿ ಒತ್ತಡ ಇಳಿಯುತ್ತದೆ. ಸೊಪ್ಪು ಕುಗ್ಗುತ್ತದೆ. ಇನ್ನೂ ಬಿಸಿಯಾದಾಗ, ಕುದಿಬಿಂದುವಿನ ಸಮೀಪಕ್ಕೆ ಬಂದಂತೆ, ಕೋಶಗಳನ್ನು ಅಂಟಿಸಿಟ್ಟಿರುವ ಪೆಕ್ಟಿನ್ ಕರಗತೊಡಗುತ್ತದೆ. ಆಗಲೇ ತರಕಾರಿ ‘ಬೆಂದಿತು’ ಎನ್ನುವುದು. ಆಮ್ಲವಿದ್ದರೆ ಪೆಕ್ಟಿನ್ ಬೇಗ ಕರಗದು. ಹುಣಸೆ ಹುಳಿಯನ್ನು ಮೊದಲೇ ಹಾಕಿದರೆ ತರಕಾರಿ ಬೇಯುವುದಿಲ್ಲ ಎಂಬ ಅಡುಗೆಮನೆಯ ಮಾತಿಗೆ ಇದೇ ಆಧಾರ. ಅಡುಗೆ ಸೋಡಾ ಹಾಕಿದರೆ ಬೇಗ ಬೇಯುತ್ತದೆ ನಿಜ, ಆದರೆ ಕ್ಷಾರದಲ್ಲಿ ವಿಟಮಿನ್‌ಗಳು ಹೆಚ್ಚು ನಾಶವಾಗುತ್ತವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ಪಾಪೆನ್‌ನ ಉಪಾಯದಿಂದ ಕುಕ್ಕರಿನೊಳಗೆ ಅದು 120 ಡಿಗ್ರಿಯ ಆಸುಪಾಸಿಗೆ ಏರುತ್ತದೆ, ಬೇಯುವ ಸಮಯ ಹಲವು ಪಟ್ಟು ತಗ್ಗುತ್ತದೆ.

ಬೇಯಿಸುವುದರ ದೊಡ್ಡ ಲಾಭ ಗಾತ್ರದಲ್ಲಿದೆ. ಒಂದು ದೊಡ್ಡ ಕಟ್ಟು ದಂಟಿನ ಸೊಪ್ಪನ್ನು ಹಸಿಯಾಗಿ ತಿಂದು ಮುಗಿಸುವುದು ಯಾರಿಗೂ ಕಷ್ಟ. ಬೆಂದರೆ ಅದು ಎರಡು ಹಿಡಿಯಾಗುತ್ತದೆ, ಒಂದು ತುತ್ತಿನ ಪಲ್ಯದಂತೆ ಒಳಗೆ ಹೋಗುತ್ತದೆ. ದಿನಕ್ಕೆ ಹಣ್ಣು-ತರಕಾರಿ ಸೇರಿ ಕನಿಷ್ಠ 400 ಗ್ರಾಂ ಇರಲಿ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯನ್ನು ಸಲಾಡಿನ ತಟ್ಟೆಯಲ್ಲಿ ನೋಡಿದರೆ ಗಾಬರಿಯಾಗುತ್ತದೆ, ಹುಳಿ-ಪಲ್ಯಗಳಲ್ಲಿ ಹಂಚಿದರೆ ಆಗುವುದಿಲ್ಲ.

ನಷ್ಟವೂ ಇದೆ. ವಿಟಮಿನ್ ‘ಸಿ’ಯಲ್ಲಿ ಸ್ವಲ್ಪ ಶಾಖಕ್ಕೆ ಹಾಳಾಗುತ್ತದೆ, ಬಹುಪಾಲು ಬೇಯಿಸಿದ ನೀರಿಗೆ ಇಳಿಯುತ್ತದೆ. ನೀರು ಚೆಲ್ಲಿದರೆ ಅದೂ ಹೋಯಿತು. ಇದನ್ನು ವಿದ್ಯಾರ್ಥಿಗಳೇ ಪರೀಕ್ಷಿಸಬಹುದು. ಸಮತೂಕದ ಎರಡು ಪಾಲು ಎಲೆಕೋಸು ತೆಗೆದುಕೊಳ್ಳಿ. ಒಂದನ್ನು ಹಸಿಯಾಗಿ ಅಳತೆಯ ನೀರಿನಲ್ಲಿ ಅರೆದು ಸೋಸಿ. ಇನ್ನೊಂದನ್ನು ಅಷ್ಟೇ ನೀರಿನಲ್ಲಿ ಇಪ್ಪತ್ತು ನಿಮಿಷ ಬೇಯಿಸಿ, ಬಸಿದ ನೀರನ್ನು ಬೇರೆಯಿಟ್ಟು, ಎಲೆಕೋಸನ್ನು ಹೊಸ ನೀರಿನಲ್ಲಿ ಅರೆದು ಸೋಸಿ. ಮೂರು ದ್ರವಗಳನ್ನೂ ಮೂಲ ಅಳತೆಗೆ ತಂದು, ಸಮ ಪ್ರಮಾಣದಲ್ಲಿ ತೆಗೆದುಕೊಂಡು, ಎರಡೆರಡು ಹನಿ ತಿಳಿಗಂಜಿ ಬೆರೆಸಿ, ನೀರು ಸೇರಿಸಿ ತೆಳುವಾಗಿಸಿದ ಟಿಂಕ್ಚರ್ ಅಯೊಡಿನನ್ನು ಹನಿಹನಿಯಾಗಿ ಹಾಕಿ. ನೀಲಿಬಣ್ಣ ನಿಲ್ಲಲು ಹೆಚ್ಚು ಹನಿ ಬೇಕಾದದ್ದರಲ್ಲಿ ವಿಟಮಿನ್ ‘ಸಿ’ ಹೆಚ್ಚು. ಅಯೊಡಿನನ್ನು ಅಪಕರ್ಷಿಸುವ ಬೇರೆ ವಸ್ತುಗಳೂ ತರಕಾರಿಯಲ್ಲಿರುವುದರಿಂದ ಇದು ಹೋಲಿಕೆಗೆ ಸಾಕಾದೀತು, ನಿಖರ ಅಳತೆಗಲ್ಲ. ಪರೀಕ್ಷಿಸಿದ ದ್ರವಗಳನ್ನು ಬಾಯಿಗೆ ಹಾಕಬಾರದು.

ನಮ್ಮ ಅಡುಗೆಮನೆಯ ಉತ್ತರ

ಈ ಹಿನ್ನೆಲೆಯಲ್ಲಿ ನಮ್ಮ ಬಸ್ಸಾರನ್ನು ನೋಡಿ. ಸೊಪ್ಪು-ಕಾಳುಗಳನ್ನು ಬೇಯಿಸಿ, ನೀರನ್ನು ಬಸಿದು ಅದರಿಂದ ಸಾರು ಮಾಡಿ, ಉಳಿದದ್ದನ್ನು ಪಲ್ಯಕ್ಕೆ ಒಗ್ಗರಿಸುತ್ತಾರೆ. ನೀರಿಗಿಳಿದ ಪೋಷಕಾಂಶ ಸಾರಿನಲ್ಲಿ ಮರಳಿ ಬರುತ್ತದೆ, ಕ್ಯಾರೊಟಿನ್ ಒಗ್ಗರಣೆಯ ಎಣ್ಣೆಯಲ್ಲಿ ದಕ್ಕುತ್ತದೆ. ಮಸ್ಸೊಪ್ಪಿನಲ್ಲಿ ಬೇಯಿಸಿದ ನೀರು ಪಾತ್ರೆಯಲ್ಲೇ ಉಳಿಯುತ್ತದೆ. ಮಲೆನಾಡಿನ ತಂಬುಳಿಯಲ್ಲಿ ಸೊಪ್ಪನ್ನು ಹಸಿಯಾಗಿಯೋ ತುಸು ಬಾಡಿಸಿಯೋ ಅರೆದು ಮಜ್ಜಿಗೆಗೆ ಬೆರೆಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯೊಡನೆ ಸವತಿಕಾಯಿ, ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು, ಹಕ್ಕರಕಿಯನ್ನು ಹಸಿಯಾಗಿಯೇ ಕಚ್ಚಿ ತಿನ್ನುತ್ತಾರೆ. ಹಬ್ಬದ ಎಲೆಯ ತುದಿಗೆ ಬರುವ ಕೋಸಂಬರಿಯಲ್ಲಿ ನೆನೆಸಿದ ಹೆಸರುಬೇಳೆ, ತೆಂಗಿನತುರಿ, ನಿಂಬೆರಸ ಎಲ್ಲವೂ ಇವೆ. ತರಕಾರಿ ತಿನ್ನಲು ಒಂದೇ ದಾರಿ ಎಂದು ನಮ್ಮ ನಾಡು ಎಂದೂ ನಂಬಿರಲಿಲ್ಲ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆಗೆಂದೇ ಒಂದು ಭಾಗವಿದೆ. ಸುಮಾರು 1508ರ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಪೂರ್ತಿಯಾಗಿ ಸಸ್ಯಾಹಾರದ ಪಾಕಗ್ರಂಥ. ಬದನೆಕಾಯಿಯ ಬಗೆಬಗೆಯ ಅಡುಗೆಗಳಿಗೆ ಅದರಲ್ಲಿ ವಿಶೇಷ ಸ್ಥಾನವಿದೆ.

ಒಂದು ಮಾತನ್ನು ಮಾತ್ರ ಸೇರಿಸಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡ 57 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 67 ಮಂದಿಗೆ ರಕ್ತಹೀನತೆಯಿದೆ. ಇದಕ್ಕೆ ಕಾರಣಗಳು ಹಲವು. ಕಬ್ಬಿಣದ ಕೊರತೆ ಅವುಗಳಲ್ಲಿ ಮುಖ್ಯವಾದದ್ದು. ಸೊಪ್ಪು-ಕಾಳುಗಳ ಕಬ್ಬಿಣ ಸುಲಭವಾಗಿ ರಕ್ತಕ್ಕೆ ಸೇರದು. ವಿಟಮಿನ್ ‘ಸಿ’ ಜೊತೆಗಿದ್ದರೆ ಅದು ಫೆರಿಕ್ ರೂಪದಿಂದ ಫೆರಸ್ ರೂಪಕ್ಕೆ ಬಂದು ಹೀರಿಕೆ ಹೆಚ್ಚುತ್ತದೆ. ಊಟದ ಜೊತೆ ಚಹಾ ಕುಡಿದರೆ ಹೀರಿಕೆ ತಗ್ಗುತ್ತದೆ. ಆದ್ದರಿಂದ ಒಲೆಯಿಂದ ಇಳಿಸಿದ ಮೇಲೆ ಪಲ್ಯಕ್ಕೆ ಹಿಂಡುವ ನಿಂಬೆಹುಳಿ ಬರೀ ರುಚಿಗೆಂದು ತಿಳಿಯಬಾರದು. ಬೇಯಿಸಿ ಕಳೆದುಕೊಂಡದ್ದನ್ನು ಅದು ಮರಳಿ ತುಂಬುತ್ತದೆ.

ಅಧ್ಯಾಪಕರ ತಟ್ಟೆ

1980ರಲ್ಲಿ ಅಮೆರಿಕದ ಮನೋವಿಜ್ಞಾನಿ ಲಿಯಾನ್ ಬರ್ಚ್ ಪುಟ್ಟ ಮಕ್ಕಳ ಮೇಲೆ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಒಂದು ತರಕಾರಿಯನ್ನು ಒಲ್ಲದ ಮಗುವನ್ನು ಅದನ್ನು ಇಷ್ಟಪಟ್ಟು ತಿನ್ನುವ ಮಕ್ಕಳ ನಡುವೆ ಕೂರಿಸಿದಾಗ, ಕೆಲವೇ ದಿನಗಳಲ್ಲಿ ಆ ಮಗುವಿನ ಆಯ್ಕೆ ಬದಲಾಗತೊಡಗಿತು. ಇನ್ನೂರು ವರ್ಷಗಳ ಹಿಂದೆ ಕುಕ್ ತನ್ನ ಹಡಗಿನಲ್ಲಿ ಕಂಡದ್ದೂ ಇದನ್ನೇ ಅಲ್ಲವೇ? ಹೊಸ ರುಚಿಯನ್ನು ಒಪ್ಪಿಕೊಳ್ಳಲು ಮಗುವಿಗೆ ಹಲವು ಬಾರಿ ಅದರ ಪರಿಚಯವಾಗಬೇಕು ಎಂಬುದೂ ಇಂಥ ಅಧ್ಯಯನಗಳಿಂದ ಸ್ಪಷ್ಟವಾಗಿದೆ. ಎರಡು ಬಾರಿ ಬೇಡವೆಂದ ಕೂಡಲೇ ನಾವು ಕೈಬಿಡುವುದು ಅವಸರವಾಗುತ್ತದೆ.

ಸರ್ವೋಚ್ಚ ನ್ಯಾಯಾಲಯ 2001ರ ನವೆಂಬರಿನಲ್ಲಿ ಶಾಲಾಮಕ್ಕಳಿಗೆ ಬೇಯಿಸಿದ ಊಟ ಕೊಡಲು ಆದೇಶಿಸಿತು. ಮರುವರ್ಷದಿಂದ ಕರ್ನಾಟಕದಲ್ಲಿ ಅಕ್ಷರ ದಾಸೋಹ ಆರಂಭವಾಯಿತು. ಬಡಿಸುವ ಮುನ್ನ ಶಿಕ್ಷಕರು ರುಚಿ ನೋಡುವ ಪದ್ಧತಿಯೂ ಇದೆ. ಒಂದು ಚಮಚ ರುಚಿ ನೋಡುವುದು ಬೇರೆ, ಮಕ್ಕಳ ಸಾಲಿನಲ್ಲಿ ಕುಳಿತು ಅದೇ ಸಾಂಬಾರಿನ ಕ್ಯಾರೆಟ್ಟನ್ನು ತಿನ್ನುವುದು ಬೇರೆ.

ಆ ಪ್ರೌಢಶಾಲೆಗೆ ಎರಡನೆಯ ಸಲ ಹೋದಾಗ ನಾನು ಶುಕ್ರಸಂಕ್ರಮದ ಬಗ್ಗೆ ಮಾತನಾಡುತ್ತಾ ಕುಕ್‌ನ ಹುಳಿ ಎಲೆಕೋಸಿನ ಕಥೆಯನ್ನೂ ಹೇಳಿದೆ. ಮಧ್ಯಾಹ್ನ ಮುಖ್ಯೋಪಾಧ್ಯಾಯರು ಏನೂ ಹೇಳದೆ ಒಂದು ತಟ್ಟೆ ಹಿಡಿದು ಏಳನೆಯ ತರಗತಿಯ ಮಕ್ಕಳ ನಡುವೆ ಕುಳಿತರು. ನಾನೂ ಕುಳಿತೆ. ಅಂದು ತಟ್ಟೆಗಳ ಅಂಚಿನಲ್ಲಿ ತರಕಾರಿ ಉಳಿಯಲೇ ಇಲ್ಲ ಎಂದು ಹೇಳಲಾರೆ, ಉಳಿದಿತ್ತು. ಒಂದು ದಿನದ ವೀಕ್ಷಣೆ ಪ್ರಯೋಗವಾಗುವುದಿಲ್ಲ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ನನ್ನ ಪಕ್ಕದ ಹುಡುಗಿ ತಾನು ಅಂಚಿಗೆ ಸರಿಸಿದ್ದ ಹುರುಳಿಕಾಯಿಯನ್ನು ಒಮ್ಮೆ ನೋಡಿದಳು, ನನ್ನ ತಟ್ಟೆಯನ್ನು ಒಮ್ಮೆ ನೋಡಿದಳು, ಆಮೇಲೆ ಒಂದು ಚೂರನ್ನು ಬಾಯಿಗಿಟ್ಟಳು.

ನನ್ನ ವಿಷಯ ಹೇಳುವುದಾದರೆ, ಸಲಾಡ್ ಇಂದಿಗೂ ಸೇರುವುದಿಲ್ಲ. ಮಧ್ಯಾಹ್ನ ಒಂದು ದೊಡ್ಡ ಬಟ್ಟಲು ಪಲ್ಯ, ರಾತ್ರಿ ಬಸ್ಸಾರು ಅಥವಾ ಮಸ್ಸೊಪ್ಪು, ಇಳಿಸಿದ ಮೇಲೆ ಅರ್ಧ ಹೋಳು ನಿಂಬೆ. ವೈದ್ಯರಿಗೆ ಇದನ್ನು ಹೇಳಿದಾಗ ನಕ್ಕು, "ಮೊದಲೇ ಹೇಳಿದ್ದರೆ ಸಲಾಡ್ ಅಂತ ಬರೆಯುತ್ತಲೇ ಇರಲಿಲ್ಲವಲ್ಲ ಸಾರ್" ಎಂದರು.